ಮತದ ಲೆಕ್ಕಕ್ಕೆ ಸಿಗದವರ ಕಾನೂನು

ಕಾನೂನು ಮಾಡುವುದು ಶಾಸನಸಭೆಯ ಕೆಲಸ, ನ್ಯಾಯಾಧೀಶರು ಅದನ್ನು ಅನ್ವಯಿಸಬೇಕೇ ಹೊರತು ತಾವೇ ಕಾನೂನು ಮಾಡಲು ಹೊರಡಬಾರದು ಎಂಬ ವಾದವನ್ನು ಈಚೆಗೆ ಬೇರೆ ಬೇರೆ ಪಕ್ಷದವರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಜನರು ಆರಿಸಿದವರಿಗೆ ಇರುವ ಅಧಿಕಾರ ನೇಮಕಗೊಂಡವರಿಗೆ ಇರಬಾರದೆಂಬ ಆ ವಾದದ ತಿರುಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಾಸರಗೋಡಿನ ಕನ್ನಡಿಗನಾಗಿ ನನಗೆ ಅದನ್ನು ಪೂರ್ತಿಯಾಗಿ ಒಪ್ಪಲು ಸಾಧ್ಯವಾಗುವುದಿಲ್ಲ. 140 ಸದಸ್ಯರ ಕೇರಳ ವಿಧಾನಸಭೆಯಲ್ಲಿ ಕನ್ನಡಿಗರ ಮತಕ್ಕೆ ತೂಕವಿರುವ ಕ್ಷೇತ್ರಗಳೆಂದರೆ ಮಂಜೇಶ್ವರ ಮತ್ತು ಕಾಸರಗೋಡು ಮಾತ್ರ. ಬೆಂಗಳೂರಿನ ವಿಧಾನಸಭೆಯಲ್ಲಿ ನಮಗೆ ಮತವೇ ಇಲ್ಲ. ಕೈ ಎತ್ತಿಸಿ ಎಣಿಸುವ ಜಾಗದಲ್ಲಿ ಎಂದೆಂದಿಗೂ ಗೆಲ್ಲಲಾರದವರು ತಮ್ಮ ಹಕ್ಕನ್ನು ಎಲ್ಲಿ ಕೇಳಬೇಕು?

ನ್ಯಾಯಾಧೀಶರು ಕಾನೂನು ಮಾಡುತ್ತಾರೆ ಎಂಬುದಕ್ಕೆ ದೇಶದ ಅತಿ ದೊಡ್ಡ ಸಾಕ್ಷ್ಯ ನಮ್ಮೂರಿನಿಂದಲೇ ಹೋಗಿದೆ. ಚೆರ್ಕಳದಿಂದ ಬದಿಯಡ್ಕದ ಕಡೆಗೆ ಹೋಗುವ ದಾರಿಯಲ್ಲಿರುವ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಭೂಮಿಗೆ ಒದಗಿದ ಪ್ರಶ್ನೆಯನ್ನು ಹಿಡಿದುಕೊಂಡು. 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸಂರಚನೆಯನ್ನು ಕೆಡವುವಂತಿಲ್ಲ ಎಂದರು. ಮೂಲ ಸಂರಚನೆ ಎಂಬ ಮಾತು ಸಂವಿಧಾನದ ಯಾವ ಅನುಚ್ಛೇದದಲ್ಲೂ ಇಲ್ಲ. ಅದನ್ನು ಕಟ್ಟಿದವರು ನ್ಯಾಯಾಧೀಶರೇ. ಭೂಮಿಯ ವಿಷಯದಲ್ಲಿ ಮಠಕ್ಕೆ ಹೇಳಿಕೊಳ್ಳುವಂಥ ಲಾಭವೇನೂ ಆಗಲಿಲ್ಲ. ಆದರೆ ತುರ್ತು ಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿಯ ಮುಖ್ಯ ಭಾಗಗಳನ್ನು 1980ರ ಮಿನರ್ವ ಮಿಲ್ಸ್ ಪ್ರಕರಣದಲ್ಲಿ ರದ್ದುಮಾಡಲು ಸಾಧ್ಯವಾದದ್ದು ಈ ತತ್ತ್ವದ ಬಲದಿಂದ. ಸ್ವಾಮೀಜಿಯವರು 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಅವರನ್ನು ನೆನೆದವು. ಯಕ್ಷಗಾನ, ಸಂಗೀತಗಳ ಮೇಲಿದ್ದ ಅವರ ಪ್ರೀತಿಯನ್ನು ಕಂಡ ನಮಗೆ ಅವರ ನೆನಪು ಬೇರೆಯದೇ ಆಗಿದ್ದರೂ, ಆ ತೀರ್ಪಿನ ಬಗ್ಗೆ ಹೆಮ್ಮೆ ಇದ್ದೇ ಇದೆ.

ದೊಡ್ಡ ಪ್ರಕರಣಗಳಲ್ಲಿ ಮಾತ್ರ ಹೀಗೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯವು ಯತ್ನಿಸಬೇಕು ಎಂದು 350ಎ ಅನುಚ್ಛೇದ ಹೇಳುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಜೊತೆಯಲ್ಲೇ ಸೇರಿಸಿದ ಮಾತು ಅದು. ಸಾಕಷ್ಟು ಎಂದರೆ ಎಷ್ಟು? ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಕನ್ನಡ ಓದಲು ಬಾರದ ಶಿಕ್ಷಕಿಯೊಬ್ಬರು ಬಂದಿದ್ದರು. ಕನ್ನಡ ಪುಸ್ತಕದ ಲೆಕ್ಕವನ್ನು ಮಗು ಎದ್ದುನಿಂತು ಓದುತ್ತದೆ, ಟೀಚರಿಗೆ ಅದು ಅರ್ಥವಾಗುವುದಿಲ್ಲ. ಮಲಯಾಳ ಬಲ್ಲ ಇನ್ನೊಬ್ಬ ಹುಡುಗ ಅದನ್ನು ಅವರಿಗೆ ಮಲಯಾಳದಲ್ಲಿ ಹೇಳುತ್ತಾನೆ, ಅವರು ಹಲಗೆಯ ಮೇಲೆ ಅಂಕಿಗಳನ್ನು ಬರೆದು ಬಿಡಿಸುತ್ತಾರೆ. ಉತ್ತರ ಸರಿಯಾಗಿಯೇ ಬರುತ್ತದೆ. ಇಲ್ಲಿ ಯಾಕೆ ಕೂಡಿಸಬೇಕು, ಅಲ್ಲಿ ಯಾಕೆ ಕಳೆಯಬೇಕು ಎಂಬುದು ಮಾತ್ರ ಮಗುವಿಗೆ ತಿಳಿಯದೆ ಉಳಿಯುತ್ತದೆ. ಆ ಶಿಕ್ಷಕಿಯನ್ನು ನಾನು ದೂರುವುದಿಲ್ಲ, ನೇಮಕವಾದ ಕಡೆಗೆ ಅವರು ಬಂದಿದ್ದಾರೆ. ಆದರೆ ಇಂಥ ತರಗತಿಯನ್ನು ಸಾಕಷ್ಟು ಸೌಲಭ್ಯವೆಂದು ಕರೆಯಬಹುದೇ ಎಂಬ ಪ್ರಶ್ನೆಗೆ ಅನುಚ್ಛೇದದಲ್ಲಿ ಉತ್ತರವಿಲ್ಲ. ಯಾರಾದರೂ ಅದನ್ನು ತೀರ್ಮಾನಿಸಲೇಬೇಕು, ಹಾಗೆ ತೀರ್ಮಾನಿಸಿದ ದಿನ ಒಂದು ಹೊಸ ಕಾನೂನು ಹುಟ್ಟಿಯೇ ಹುಟ್ಟುತ್ತದೆ. ಅದನ್ನು ಬಹುಮತಕ್ಕೆ ಬಿಟ್ಟರೆ ನಮಗೆ ಏನು ಸಿಗುತ್ತದೆಂದು ಊಹಿಸುವುದು ಕಷ್ಟವಲ್ಲ.

ಇಲ್ಲಿಯೇ ನನ್ನ ಮನಸ್ಸನ್ನು ಬಹಳ ಕಾಡಿದ ತೀರ್ಪೊಂದನ್ನು ಹೇಳಬೇಕು. ಪ್ರಾಥಮಿಕ ಶಿಕ್ಷಣದ ಮಾಧ್ಯಮವಾಗಿ ಮಾತೃಭಾಷೆಯನ್ನೇ ಆರಿಸಬೇಕೆಂದು ಸರಕಾರ ಕಡ್ಡಾಯ ಮಾಡುವಂತಿಲ್ಲ, ಆ ಆಯ್ಕೆ ಹೆತ್ತವರಿಗೆ ಸೇರಿದ್ದು ಎಂದು ಸುಪ್ರೀಂ ಕೋರ್ಟಿನ ಐವರ ಪೀಠ 2014ರ ಮೇ 6ರಂದು ಕರ್ನಾಟಕ ಸರಕಾರದ ವಿರುದ್ಧ ಹೇಳಿತು. ಕನ್ನಡಕ್ಕೆ ಕೊಡಲಿಯೇಟು ಬಿತ್ತೆಂದು ಘಟ್ಟದ ಮೇಲಿನ ಸ್ನೇಹಿತರು ಆಗ ಸಂಕಟಪಟ್ಟರು. ಅವರ ಸಂಕಟ ನ್ಯಾಯವಾದದ್ದೇ. ಕನ್ನಡ ಶಾಲೆಗಳು ಮುಚ್ಚುತ್ತಿರುವುದನ್ನು ಕಂಡು ಯಾರು ತಾನೇ ಸುಮ್ಮನಿರುತ್ತಾರೆ? ಆದರೆ ಅದೇ ತೀರ್ಪನ್ನು ಮಂಜೇಶ್ವರದಲ್ಲಿ ಕುಳಿತು ಓದಿದರೆ ಇನ್ನೊಂದು ಅರ್ಥ ಕಾಣುತ್ತದೆ. ಮಾಧ್ಯಮವನ್ನು ಆರಿಸುವ ಹಕ್ಕು ಹೆತ್ತವರದಾದರೆ, ಕನ್ನಡ ಮಾಧ್ಯಮವೇ ಬೇಕೆನ್ನುವ ಇಲ್ಲಿನ ಹೆತ್ತವರ ಮೇಲೆ ತಿರುವನಂತಪುರವೂ ತನ್ನ ಇಷ್ಟವನ್ನು ಹೇರುವಂತಿಲ್ಲ. 2017ರಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಕಾಸರಗೋಡಿನಲ್ಲಿ ಬೀದಿಗಿಳಿದ ನಮಗೆ ಈ ತತ್ತ್ವದ ಬೆಲೆ ಗೊತ್ತಿದೆ. ಆದರೂ ಇದರ ಮೇಲೆ ಅತಿಯಾದ ಭರವಸೆ ಇಡುವಂತಿಲ್ಲ. ಒಂದು ಭಾಷೆಯನ್ನು ಮಾಧ್ಯಮ ಮಾಡುವುದು ಬೇರೆ, ವಿಷಯವಾಗಿ ಕಲಿಸುವುದು ಬೇರೆ. ಗುಜರಾತಿ ಭಾಷಿಕರ ಶಾಲೆಗಳಲ್ಲಿಯೂ ಮರಾಠಿಯನ್ನು ಕಡ್ಡಾಯ ವಿಷಯವಾಗಿಸಿದ ಮಹಾರಾಷ್ಟ್ರದ ಕ್ರಮವನ್ನು ಇದೇ ಸುಪ್ರೀಂ ಕೋರ್ಟ್ 2004ರಲ್ಲಿ ಎತ್ತಿಹಿಡಿದಿತ್ತು. ಸೊಲ್ಲಾಪುರದ, ಅಕ್ಕಲಕೋಟೆಯ ಕನ್ನಡಿಗರಿಗೂ ಸಂಬಂಧಿಸಿದ ಮಾತು ಅದು. ನ್ಯಾಯಾಲಯ ಕಟ್ಟಿದ ಕಾನೂನು ನಮ್ಮ ಆಸೆಯ ಪ್ರಕಾರವೇ ಇರುವುದಿಲ್ಲ, ಬಹುಮತದ ಆಸೆಯ ಪ್ರಕಾರವೂ ಇರಬೇಕಾಗಿಲ್ಲ.

ಹಾಗೆಂದು ನ್ಯಾಯಾಧೀಶರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳಲಾರೆ. ತಮ್ಮ ನೇಮಕದ ಅಧಿಕಾರವನ್ನು 1993ರ ತೀರ್ಪಿನಿಂದ ತಾವೇ ಕೈಗೆ ತೆಗೆದುಕೊಂಡು, ಅದನ್ನು ಬದಲಿಸಲು ಸಂಸತ್ತು ತಂದ ಸಂವಿಧಾನ ತಿದ್ದುಪಡಿಯನ್ನು 2015ರಲ್ಲಿ ರದ್ದುಮಾಡಿದ್ದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಾರದೆಂದು ಉಳಿದವರಿಗೆಲ್ಲ ಬುದ್ಧಿ ಹೇಳುವ ಸಂಸ್ಥೆ ಅದು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂಬ 2016ರ ಆದೇಶದ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಅಂತರ ಎಷ್ಟಿರಬೇಕೆಂದು ಗೊತ್ತುಮಾಡುವುದು ನೀತಿ ರೂಪಿಸುವವರ ಕೆಲಸ. ಕೆಲವೇ ತಿಂಗಳಲ್ಲಿ ಸಣ್ಣ ಊರುಗಳಿಗೆ 220 ಮೀಟರ್ ಎಂದಾಯಿತು, ನಗರಗಳಿಗೆ ವಿನಾಯಿತಿ ಬಂತು, ರಾಜ್ಯಗಳು ಹೆದ್ದಾರಿಗಳ ದರ್ಜೆಯನ್ನೇ ಇಳಿಸತೊಡಗಿದವು.

ನನಗೆ ಆದರ್ಶವೆಂದು ತೋರುವುದು 1997ರ ವಿಶಾಖಾ ತೀರ್ಪು. ಕೆಲಸದ ಜಾಗದಲ್ಲಿ ಹೆಂಗಸರಿಗೆ ರಕ್ಷಣೆ ಕೊಡುವ ಕಾನೂನೇ ಇಲ್ಲದಿದ್ದಾಗ ನ್ಯಾಯಾಲಯ ಮಾರ್ಗಸೂಚಿಗಳನ್ನು ಬರೆದು, ಶಾಸನ ಬರುವವರೆಗೆ ಇವೇ ಕಾನೂನು ಎಂದಿತು. ಸಂಸತ್ತು ಆ ಶಾಸನವನ್ನು ತರಲು 2013ರವರೆಗೆ ಕಾಯಿಸಿತು. ಆ ಹದಿನಾರು ವರ್ಷ ದೂರು ಕೊಟ್ಟ ಹೆಂಗಸರ ಕೈಯಲ್ಲಿ ಇದ್ದದ್ದು ನ್ಯಾಯಾಧೀಶರು ಬರೆದ ಕಾನೂನು ಮಾತ್ರ. ದುರ್ಬಲರಿಗಾಗಿ, ಕಾರಣ ಕೊಟ್ಟು, ಶಾಸನಸಭೆಗೆ ಬಾಗಿಲು ತೆರೆದಿಟ್ಟು ಮಾಡಿದ ಕಾನೂನನ್ನು ಅತಿಕ್ರಮಣವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅಂಥ ಕಾನೂನಿಗೂ ಕೈಕಾಲು ಬೇಕು ಎಂಬುದನ್ನು ಎಂಡೋಸಲ್ಫಾನ್ ಎಂಬ ಕೀಟನಾಶಕದ ಪ್ರಕರಣ ನಮಗೆ ಕಲಿಸಿದೆ. ಎಣ್ಮಕಜೆ ಪಂಚಾಯತಿನ ಸ್ವರ್ಗ, ಪಡ್ರೆ, ವಾಣಿನಗರದ ಕಡೆಗಳಲ್ಲಿ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷಕ್ಕೆ 2000ದಲ್ಲಿ ತಡೆ ಹಾಕಿದ್ದು ನಮ್ಮ ಜಿಲ್ಲೆಯದೇ ಆದ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯ. ನ್ಯಾಯಾಂಗದ ಕೆಳಗಿನ ಮೆಟ್ಟಿಲು ಮಾಡಿದ ಆ ಕೆಲಸವನ್ನು ಮೇಲಿನ ಸರಕಾರಗಳು ಮಾಡಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ವಿಧಿಸಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಐದು ವರ್ಷ ಕಳೆದು 2022ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದಾಗ, 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದು ಅರ್ಜಿ ಹಾಕಿದ ಎಂಟು ಮಂದಿಗೆ ಎಂಬುದು ಬೆಳಕಿಗೆ ಬಂತು. ಹಾಸಿಗೆ ಬಿಟ್ಟು ಏಳಲಾಗದ ಮಗನನ್ನು ನೋಡಿಕೊಳ್ಳುವ ತಾಯಿ ದಿಲ್ಲಿಗೆ ಹೋಗಿ ಇನ್ನೊಂದು ಅರ್ಜಿ ಹಾಕಬೇಕಿತ್ತೇ? ಆಗ ನ್ಯಾಯಾಲಯ ತನ್ನ ಹಳೆಯ ಆದೇಶವನ್ನು ಪುನರುಚ್ಚರಿಸಿ ಸುಮ್ಮನಾಗಲಿಲ್ಲ. ಮುಖ್ಯ ಕಾರ್ಯದರ್ಶಿಯವರು ಪ್ರತಿ ತಿಂಗಳು ಸಭೆ ಕರೆದು ಪರಿಹಾರವನ್ನೂ ಚಿಕಿತ್ಸೆಯನ್ನೂ ಪರಿಶೀಲಿಸಬೇಕೆಂದಿತು. ಆಸ್ಪತ್ರೆಗಳಲ್ಲಿ ಏನಿದೆ, ಏನಿಲ್ಲ ಎಂದು ನೋಡಿ ವರದಿ ಕೊಡುವ ಕೆಲಸವನ್ನು ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಪ್ಪಿಸಿತು. ಕನ್ನಡ ಶಾಲೆಗಳ ವಿಷಯದಲ್ಲಿಯೂ ನಾನು ನ್ಯಾಯಾಲಯದಿಂದ ಬಯಸುವುದು ಇಂಥದನ್ನೇ: ಆದೇಶ ಕೊಟ್ಟ ಮೇಲೆ ಒಬ್ಬರು ತರಗತಿಗೆ ಹೋಗಿ ಕುಳಿತು, ಟೀಚರಿಗೆ ಆ ಲೆಕ್ಕವನ್ನು ಓದಲು ಬರುತ್ತದೆಯೇ ಎಂದು ನೋಡಿ ಬಂದು ಹೇಳಬೇಕು.