ರೀಕಟ್ ಚೀಟಿಯಲ್ಲಿ ಕಾರಣ ಯಾಕಿಲ್ಲ?

ಇಂಗ್ಲೆಂಡಿನ ಆಸ್ಪತ್ರೆಯೊಂದರ ಹಿಸ್ಟಾಲಜಿ ಲ್ಯಾಬಿನಲ್ಲಿ, ಅಂದರೆ ರೋಗಿಯ ದೇಹದಿಂದ ತೆಗೆದ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಲು ಸಿದ್ಧಮಾಡುವ ಕಡೆ, ನನ್ನ ಕೆಲಸ. ಮೊದಲು ಮಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಅಲ್ಲಿನ ಹಳೆಯ ಜೊತೆಗಾರರು ಫೋನಿನಲ್ಲಿ ಮೊದಲು ಕೇಳುವುದು ಮೈಕ್ರೋಟೋಮ್ (ತುಣುಕನ್ನು ತೆಳುವಾಗಿ ಕತ್ತರಿಸುವ ಮಷೀನು) ಯಾವ ಕಂಪನಿಯದು ಅಂತ. ಒಳ್ಳೆಯ ಸೆಕ್ಷನ್, ಅಂದರೆ ಕತ್ತರಿಸಿದ ತೆಳು ಪದರ, ಬರುವುದು ದುಬಾರಿ ಮಷೀನಿನಿಂದ ಅಂತ ಅವರ ನಂಬಿಕೆ. ನನಗೆ ಹಾಗನ್ನಿಸುವುದಿಲ್ಲ.

ಕೆಲಸ ಎರಡೂ ಕಡೆ ಒಂದೇ. ತುಣುಕನ್ನು ಹುದುಗಿಸಿದ ಮೇಣದ ಬ್ಲಾಕನ್ನು 3–4 ಮೈಕ್ರಾನ್ ದಪ್ಪಕ್ಕೆ ಕತ್ತರಿಸಬೇಕು. ಒಂದು ಕೆಂಪು ರಕ್ತಕಣದ ಅಗಲವೇ ಸುಮಾರು 7 ಮೈಕ್ರಾನ್. ಇಷ್ಟು ತೆಳುವಾದದ್ದು ಕೆಡಲು ದಾರಿ ಬೇಕಾದಷ್ಟಿವೆ. ಬ್ಲೇಡಿನ ಅಂಚು ಚೂರು ಮುಕ್ಕಾದರೆ ಉದ್ದಕ್ಕೂ ಗೆರೆ. ಕ್ಲಾಂಪ್ ಸಡಿಲವಾದರೆ ಅಡ್ಡಡ್ಡ ಪಟ್ಟೆ. ಸೆಕ್ಷನ್ ತೇಲಿಬಿಡುವ ಬೆಚ್ಚಗಿನ ನೀರಿನ ತೊಟ್ಟಿ, ಅಂದರೆ ವಾಟರ್ ಬಾತ್, ತಣ್ಣಗಿದ್ದರೆ ಮಡಿಕೆ ಬಿಡುವುದಿಲ್ಲ, ಜಾಸ್ತಿ ಬಿಸಿಯಾದರೆ ಸೆಕ್ಷನ್ನೇ ಹರಡಿ ಹರಿದುಹೋಗುತ್ತದೆ. ಮಂಗಳೂರಿನ ಸೆಕೆಗೆ ಮೇಣ ಮೆತ್ತಗಾಗುತ್ತಿತ್ತು, ಬ್ಲಾಕನ್ನು ಮತ್ತೆ ಮತ್ತೆ ಐಸ್ ಮೇಲಿಡಬೇಕಿತ್ತು. ಇಲ್ಲಿ ಚಳಿಗಾಲದ ಒಣ ಗಾಳಿಗೆ ಸಾಲಾಗಿ ಬರುವ ಸೆಕ್ಷನ್ನುಗಳ ರಿಬ್ಬನ್ ಬ್ಲೇಡಿಗೇ ಅಂಟಿಕೊಂಡು ಕಾಡುತ್ತದೆ.

ವ್ಯತ್ಯಾಸ ಕಾಣುವುದು ಕೆಟ್ಟ ಸ್ಲೈಡ್ ಡಾಕ್ಟರ ಮೇಜಿಗೆ ಹೋದ ಮೇಲೆ. ಮಂಗಳೂರಿನಲ್ಲಿ ನಾನಿದ್ದ ಲ್ಯಾಬಿನಲ್ಲಿ ಸ್ಲೈಡ್ ನೋಡುವ ಡಾಕ್ಟರ್ ಮೇಡಂ ಹೇಗೋ ಸುಧಾರಿಸಿಕೊಂಡು ರಿಪೋರ್ಟ್ ಬರೆದುಬಿಡುತ್ತಿದ್ದರು. ಸಾಧ್ಯವೇ ಇಲ್ಲ ಅಂದಾಗ ಅಟೆಂಡರ್ ಕೈಲಿ ಒಂದು ಚೀಟಿ ಬರುತ್ತಿತ್ತು: ಬ್ಲಾಕ್ ನಂಬರ್, ಕೆಳಗೆ 'ರೀಕಟ್', ಅಂದರೆ ಮತ್ತೆ ಕತ್ತರಿಸಿ. ಅಷ್ಟೇ. ಮಡಿಕೆಯೋ, ದಪ್ಪವೋ, ತುಣುಕಿನ ಅರ್ಧ ಭಾಗವೇ ಬಂದಿಲ್ಲವೋ, ಗೊತ್ತಾಗುತ್ತಿರಲಿಲ್ಲ. ಹೋಗಿ ಕೇಳಿದರೆ ಎದುರು ಮಾತಾಡಿದ ಹಾಗೆ!

ಇಲ್ಲಿ ಯಾವ ಬ್ಲಾಕನ್ನು ಯಾರು, ಯಾವ ಮಷೀನಿನಲ್ಲಿ ಕತ್ತರಿಸಿದರು ಎಂಬುದು ದಾಖಲಾಗುತ್ತದೆ. ರೀಕಟ್ ಕೇಳುವ ಡಾಕ್ಟರು ಕಾರಣ ಹೇಳಲೇಬೇಕು. ಆಮೇಲೆ ಎಲ್ಲರೂ ಕೂತು ನೋಡುತ್ತೇವೆ. ಒಂದೇ ಮಷೀನಿನಿಂದ ಪಟ್ಟೆ ಬರುತ್ತಿದ್ದರೆ ಸರ್ವಿಸಿಗೆ ಕರೆಯುತ್ತೇವೆ. ಯಾರು ಕತ್ತರಿಸಿದರೂ ತುಣುಕು ಪುಡಿಯಾಗುತ್ತಿದ್ದರೆ ತಪ್ಪು ಕೈಯದಲ್ಲ. ತುಣುಕು ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ ಸಾಕಷ್ಟು ಹೊತ್ತು ಇಟ್ಟಿಲ್ಲ, ಇಲ್ಲವೇ ಪ್ರೊಸೆಸಿಂಗ್ (ತುಣುಕಿನ ನೀರಿನಂಶ ತೆಗೆದು ಮೇಣ ತುಂಬುವ ಹಂತ) ಎಡವಟ್ಟಾಗಿದೆ. ಬರೀ 'ರೀಕಟ್' ಅಂತ ಬರೆದ ಚೀಟಿ ಇದನ್ನು ಎಂದೂ ಹೇಳುವುದಿಲ್ಲ. ಬೈಸಿಕೊಳ್ಳುವವರು ಮಾತ್ರ ಯಾವಾಗಲೂ ಟೆಕ್ನಿಷಿಯನ್.

ಎಲ್ಲಕ್ಕಿಂತ ಅಪಾಯದ್ದು ಫ್ಲೋಟರ್. ಹಿಂದಿನ ಬ್ಲಾಕಿನ ಚೂರು ನೀರಿನಲ್ಲಿ ಉಳಿದು ಮುಂದಿನವರ ಸ್ಲೈಡಿಗೆ ಅಂಟುತ್ತದೆ. ಅದು ಕ್ಯಾನ್ಸರಿನ ಚೂರಾದರೆ, ರೋಗವೇ ಇಲ್ಲದವರಿಗೆ ರೋಗ ಬಂದಂತೆ! ತಡೆಯಲು ದೊಡ್ಡ ಖರ್ಚೇನೂ ಇಲ್ಲ. ಪ್ರತಿ ಬ್ಲಾಕ್ ಆದ ಮೇಲೆ ನೀರಿನ ಮೇಲ್ಮೈಯನ್ನು ಟಿಶ್ಯೂ ಪೇಪರಿನಿಂದ ಒರೆಸಿದರೆ ಮುಕ್ಕಾಲು ಕೆಲಸ ಆಯಿತು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ. ಊರಿನಲ್ಲಿ ಬ್ಲಾಕುಗಳ ರಾಶಿ ಎದುರಿಗಿದ್ದಾಗ ಅದನ್ನು ನೆನಪಿಸುವವರೇ ಇರುತ್ತಿರಲಿಲ್ಲ.

ಹಾಗಂತ ಇಲ್ಲಿ ಎಲ್ಲಾ ಚಂದ ಅಂತಲ್ಲ. ಕಾಗದದ ಕಾಟ ವಿಪರೀತ. ಬಾತಿನ ಉಷ್ಣಾಂಶ ಬರೆದು ಸಹಿ ಹಾಕಿ, ನೀರನ್ನು ನೋಡದೆ ಹೋಗುವವರೂ ಇದ್ದಾರೆ. ಕೊಬ್ಬು ತುಂಬಿದ ಸ್ತನದ ತುಣುಕು ಬಂದರೆ ಹೊಸ ಹುಡುಗರು ಒದ್ದಾಡುತ್ತಾರೆ. ನಮ್ಮ ಹಳೆಯ ಲ್ಯಾಬಿನ ಹಿರಿಯರೊಬ್ಬರು ಮೈಕ್ರೋಟೋಮಿನ ಕೈಚಕ್ರ ತಿರುಗಿಸುತ್ತಾ, ಅದರ ಸದ್ದಿನಲ್ಲೇ ಬ್ಲೇಡ್ ಮೊಂಡಾಗಿದೆ ಅನ್ನುತ್ತಿದ್ದರು. ಆ ಕೈ ಇಲ್ಲಿ ಅಪರೂಪ.

ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಭಾರತದ ಸಂಸ್ಥೆ) ಮಾನ್ಯತೆ ಪಡೆದ ಲ್ಯಾಬುಗಳಲ್ಲಿ ಇಂಥ ದಾಖಲೆ ಇಡಲೇಬೇಕು, ನಿಜ. ಆದರೆ ನಮ್ಮಲ್ಲಿ ಆ ಮಾನ್ಯತೆ ಎಲ್ಲರಿಗೂ ಕಡ್ಡಾಯವಲ್ಲ. ಸಣ್ಣ ಲ್ಯಾಬಿಗೆ ಒಂದು ನೋಟ್‌ಬುಕ್ ಸಾಕು: ಬ್ಲಾಕ್ ನಂಬರ್, ಕತ್ತರಿಸಿದವರ ಹೆಸರು, ವಾಪಸ್ ಬಂದ ಕಾರಣ. ಇದನ್ನು ಹಳೆಯ ಜೊತೆಗಾರರೊಬ್ಬರಿಗೆ ಹೇಳಿದೆ. "ಅದೆಲ್ಲಾ ಸರಿ ಮಾರಾಯ, ಕಾರಣ ಬರೀರಿ ಅಂತ ಡಾಕ್ಟರಿಗೆ ಹೇಳೋದು ಯಾರು?" ಅಂದರು. ವಿಭಾಗದ ಮುಖ್ಯಸ್ಥರು ಹೇಳಬೇಕು. ಅದನ್ನು ಟೆಕ್ನಿಷಿಯನ್ ತಲೆಗೆ ಕಟ್ಟುವುದು ಸರಿಯಲ್ಲ.