ಕಿವಿ ಅಬುಜಾದ್ದು, ಡಾಕ್ಟರು ಲಂಡನ್ನಿನವರು

ನೈಜೀರಿಯಾದಲ್ಲಿ ಒಂದು ಕಾನೂನಿದೆ. 2014ರ ರಾಷ್ಟ್ರೀಯ ಆರೋಗ್ಯ ಕಾಯ್ದೆಯ 46ನೇ ಕಲಂ. ಸರ್ಕಾರಿ ಹುದ್ದೆಯಲ್ಲಿರುವ ಯಾರೂ ಜನರ ದುಡ್ಡಲ್ಲಿ ವಿದೇಶಕ್ಕೆ ಹೋಗಿ ಚಿಕಿತ್ಸೆ ಮಾಡಿಸಿಕೊಳ್ಳುವಂತಿಲ್ಲ. ತೀರಾ ಅಪರೂಪದ ಕೇಸಾದರೆ ವೈದ್ಯಕೀಯ ಮಂಡಳಿ ಶಿಫಾರಸು ಮಾಡಬೇಕು, ಅದಕ್ಕೆ ಮಂತ್ರಿ ಒಪ್ಪಬೇಕು. ಓದೋದಕ್ಕೆ ಬಹಳ ಚೆನ್ನಾಗಿದೆ.

2016ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಮುಹಮ್ಮದು ಬುಹಾರಿ ಅವರ ಸರ್ಕಾರವೂ ಇದನ್ನೇ ಗಟ್ಟಿಯಾಗಿ ಹೇಳಿತು. ಇಲ್ಲೇ ವಾಸಿಯಾಗುವ ಕಾಯಿಲೆಗೆ ಸರ್ಕಾರದ ಖರ್ಚಲ್ಲಿ ಹೊರದೇಶಕ್ಕೆ ಹೋಗೋದಕ್ಕೆ ನಮ್ಮ ಬೆಂಬಲವಿಲ್ಲ ಅಂತ. ಜೂನ್‌ನಲ್ಲಿ ಅಧ್ಯಕ್ಷರಿಗೆ ಕಿವಿ ಸೋಂಕಾಯಿತು. ಲಂಡನ್ನಿಗೆ ಹೊರಟರು. ಅಷ್ಟು ದೊಡ್ಡ ದೇಶದಲ್ಲಿ ಕಿವಿ ನೋಡೋ ಡಾಕ್ಟರೇ ಇರಲಿಲ್ವಾ? ಇದ್ದರು. ನಾವಿದ್ದೇವಲ್ಲ ಅಂತ ಅವರೂ ಹೇಳಿದರು. ಆದರೆ ಕೇಳಬೇಕಾದ ಕಿವಿಗೇ ಸೋಂಕು.

2017ರಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಅವರು ಲಂಡನ್ನಿನಲ್ಲೇ ಇದ್ದರು, ನೂರು ದಿನಕ್ಕೂ ಜಾಸ್ತಿ. ಕಾಯಿಲೆ ಏನು ಅಂತ ದೇಶಕ್ಕೆ ಹೇಳಲಿಲ್ಲ. ಕಾಯಿಲೆ ಗುಟ್ಟಾಗಿದ್ದರೆ ಮಂಡಳಿಯವರು ಪಾಪ ಏನಂತ ಬರೆಯಬೇಕು? 'ಮಾನ್ಯರಿಗೆ ಏನೋ ಆಗಿದೆ, ಎಲ್ಲಿಗಾದರೂ ಕಳಿಸಿ' ಅಂತಲಾ?

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ರಾಜಧಾನಿ ಅಬುಜಾದಲ್ಲಿ ಅಧ್ಯಕ್ಷರ ಭವನಕ್ಕೇ ಅಂತ ಒಂದು ಹಿತ್ತಲ ಆಸ್ಪತ್ರೆಯೇ ಇತ್ತು. ಅಧ್ಯಕ್ಷರು, ಅವರ ಮನೆಯವರು, ಭವನದ ಸಿಬ್ಬಂದಿ, ಎಲ್ಲರಿಗೂ ಅದೇ. 2016ರ ಬಜೆಟ್‌ನಲ್ಲಿ ಅದಕ್ಕೆ 300 ಕೋಟಿ ನೈರಾಗೂ ಮೇಲೆ ಇಟ್ಟಿದ್ದರು. 2017ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರ ಪತ್ನಿ ಆಯಿಷಾ ಬುಹಾರಿ ತುಂಬಿದ ಸಭೆಯಲ್ಲಿ ಬಾಯಿಬಿಟ್ಟರು. ಹುಷಾರಿಲ್ಲದಾಗ ಎಕ್ಸ್‌ರೇ ಯಂತ್ರ ನಡೆಯುತ್ತಾ ಅಂತ ಅಲ್ಲಿಗೆ ಫೋನ್ ಮಾಡಿಸಿದರಂತೆ. ಇಲ್ಲ ಅಂದರಂತೆ. ಕೊನೆಗೆ ವಿದೇಶೀಯರು ನಡೆಸುವ ಆಸ್ಪತ್ರೆಗೆ ಹೋದರಂತೆ. ಅಷ್ಟು ದುಡ್ಡು ಸುರಿದ ಜಾಗದಲ್ಲಿ ಒಂದು ಸಿರಿಂಜೂ ಇಲ್ಲ ಅಂತಲೂ ಹೇಳಿದರು. ನಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗುವವರೂ ಹೀಗೇ ಮೊದಲು ಫೋನ್ ಮಾಡಿ ವಿಚಾರಿಸ್ತಾರೆ. ಅಧ್ಯಕ್ಷರ ಮನೆಯವರಿಗೂ ಅದೇ ಗತಿ ಅಂದರೆ ಒಂಥರಾ ಸಮಾನತೆ ಬಂದಿದೆ ಅಂತಲೇ ಅರ್ಥ, ಅಲ್ವಾ?

ಬುಹಾರಿ 2025ರ ಜುಲೈನಲ್ಲಿ ತೀರಿಕೊಂಡರು, ಅದೂ ಲಂಡನ್ನಿನಲ್ಲೇ. ಹೋದವರನ್ನು ಆಡಿಕೊಳ್ಳಬಾರದು. 46ನೇ ಕಲಂ ಇನ್ನೂ ಇದೆ, ಅದನ್ನು ಆಡಿಕೊಳ್ಳಬಹುದು.

2021ರ ಮಾರ್ಚ್ 30ರಂದು ಬುಹಾರಿ ಮಾಮೂಲಿ ತಪಾಸಣೆಗೆ ಅಂತ ಲಂಡನ್ನಿನ ವಿಮಾನ ಹತ್ತಿದ್ದರು. ಸುಮಾರು 40 ವರ್ಷದಿಂದ ಅವರೇ ನೋಡ್ತಿರೋ ಡಾಕ್ಟರುಗಳು, ಹಾಗಾಗಿ ಅಲ್ಲಿಗೇ ಹೋಗ್ತಾರೆ ಅಂತ ವಕ್ತಾರರು ಸಮಜಾಯಿಷಿ ಕೊಟ್ಟರು. ಇರಲಿ, ಅಷ್ಟು ಹಳೆಯ ನಂಟು ಬಿಡೋಕಾಗುತ್ತಾ? ಏಪ್ರಿಲ್ 1ಕ್ಕೆ ಇತ್ತ ನೈಜೀರಿಯಾದ ಸರ್ಕಾರಿ ಆಸ್ಪತ್ರೆಗಳ ಕಿರಿಯ ವೈದ್ಯರು ಬಾಕಿ ಸಂಬಳಕ್ಕಾಗಿ ಮುಷ್ಕರ ಹೂಡಿದರು. ಸುಮ್ನೆ ಧರಣಿ ಕೂತು ಏನು ಬಂತು? ಅಧ್ಯಕ್ಷರ ಕೈಗೇ ಮನವಿ ಕೊಡಬೇಕಿದ್ದರೆ ಲಂಡನ್ನಿಗೆ ಹೋಗಬೇಕಿತ್ತು. ಇವರ ಜೊತೆ ಓದಿದ ಸಾವಿರಾರು ಜನ ಆಗಲೇ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಡ್ಯೂಟಿ ಮಾಡ್ತಿದ್ದಾರೆ. ಅಲ್ಲಿ ತಿಂಗಳ ಕೊನೆಗೆ ಸಂಬಳವೂ ಬರುತ್ತೆ.