ಸ್ಪಷ್ಟನೆ: ‘ನಿಸ್ವಾರ್ಥ ಸಹಾಯ ಇಲ್ಲವೇ ಇಲ್ಲ’ ಎಂಬ ವಾಟ್ಸಾಪ್ ಮೆಸೇಜು

“ದಾನ ಮಾಡಿದಾಗ ಮೆದುಳಿಗೆ ಖುಷಿ ಸಿಗುತ್ತೆ. ಹಾಗಾಗಿ ಎಲ್ಲ ಸಹಾಯವೂ ಸ್ವಾರ್ಥವೇ, ವಿಜ್ಞಾನವೇ ಸಾಬೀತು ಮಾಡಿದೆ” ಅನ್ನುವ ಮೆಸೇಜು ಗ್ರೂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಮೊದಲ ಮಾತು ನಿಜ. 2006ರಲ್ಲಿ ಅಮೆರಿಕದಲ್ಲಿ ನಡೆದ ಸ್ಕ್ಯಾನ್ ಅಧ್ಯಯನದಲ್ಲಿ, ದೇಣಿಗೆ ಕೊಟ್ಟವರ ಮೆದುಳಿನಲ್ಲಿ ಹಣ ಸಿಕ್ಕಾಗ ಚುರುಕಾಗುವ ಭಾಗಗಳೇ ಚುರುಕಾಗಿದ್ದವು. ಆದರೆ ಖುಷಿ ಬಂತು ಅಂದಮಾತ್ರಕ್ಕೆ ಖುಷಿಗೋಸ್ಕರವೇ ಮಾಡಿದರು ಅಂತಲ್ಲ. ಬಸ್ಸಿನ ಹಿಂದೆ ಓಡಿದರೆ ಬೆವರು ಬರುತ್ತೆ. ಬೆವರಲಿಕ್ಕೆಂದು ಯಾರೂ ಓಡುವುದಿಲ್ಲ, ಅಲ್ವಾ?

ಮೆಸೇಜಿನಲ್ಲಿ ಬಿಟ್ಟುಹೋದದ್ದು ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ತಂಡದ 1981ರ ಪ್ರಯೋಗ. ಕ್ಯಾನ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಟಿವಿಯಲ್ಲಿ ಎಲೈನ್ ಎಂಬ ಹುಡುಗಿಯನ್ನು ನೋಡುತ್ತಾರೆ. ಪ್ರತಿ ಸಲ ಶಾಕ್ ಹೊಡೆದಾಗ ಅವಳು ಮುಖ ಕಿವುಚುತ್ತಾಳೆ. (ಶಾಕ್ ನಿಜವಲ್ಲ, ನಟನೆ, ನೋಡುವವರಿಗೆ ಅದು ಗೊತ್ತಿಲ್ಲ.) ಕೆಲವರಿಗೆ ಎರಡೇ ಸುತ್ತು ನೋಡಿ ಎದ್ದು ಹೋಗುವ ಅವಕಾಶವಿತ್ತು. ಇಲ್ಲವೇ ಅವಳ ಬದಲು ತಾವೇ ಶಾಕ್ ತಗೊಳ್ಳಬಹುದಿತ್ತು. ಸ್ವಂತ ಸಂಕಟ ಕಳೆದುಕೊಳ್ಳುವುದಷ್ಟೇ ಬೇಕಿದ್ದರೆ ಸುಮ್ನೆ ಎದ್ದು ಹೋದರೆ ಸಾಕಿತ್ತು. ಆದರೂ ಅವಳು ತಮ್ಮಂಥವಳೇ ಅನ್ನಿಸಿದವರಲ್ಲಿ ಹೆಚ್ಚಿನವರು ಅವಳ ಜಾಗಕ್ಕೆ ತಾವು ಬರುತ್ತೇವೆ ಎಂದರು. ಇದನ್ನು ಓದಿ ನಾನು ಬಹಳ ಹೊತ್ತು ಹಾಗೇ ಕೂತಿದ್ದೆ.

ಇದು ನಿಸ್ವಾರ್ಥ ಸಹಾಯವೇ ಎಂಬ ಬ್ಯಾಟ್ಸನ್ ವಾದವನ್ನು ರಾಬರ್ಟ್ ಚಾಲ್ಡಿನಿಯಂಥ ಬೇರೆ ಮನಶ್ಶಾಸ್ತ್ರಜ್ಞರು ಒಪ್ಪಲಿಲ್ಲ. ಎದ್ದು ಹೋದರೂ ಉಳಿಯುವ ತಮ್ಮದೇ ದುಃಖ ಕಡಿಮೆ ಮಾಡಿಕೊಳ್ಳಲು ಜನ ಸಹಾಯ ಮಾಡಿರಬಹುದು ಎಂದರು. ಚರ್ಚೆ ಮುಗಿದಿಲ್ಲ. ಹಾಗಾಗಿ ‘ಸಾಬೀತು ಮಾಡಿದೆ’ ಅನ್ನುವ ಮಾತೇ ಸರಿಯಲ್ಲ.

ದಯವಿಟ್ಟು ಆ ಮೆಸೇಜನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.